ಮೇಯಿಸಿದ ಕಡೆಯೇ ಹುಳು ಜಾಸ್ತಿ ಸಿಕ್ಕಿವೆ, ಬೇಲಿ ತೆಗೆಯಬಹುದಾ?

ಪ್ರಶ್ನೆ: ನಾವು ಕೆಲವರು ಸೇರಿ ಒಂದು ಒಣ ಕುರುಚಲು ಪ್ರದೇಶವನ್ನು ನೋಡಿಕೊಳ್ಳುತ್ತಿದ್ದೇವೆ. ಅದರ ಒಂದು ಭಾಗಕ್ಕೆ ಬೇಲಿ ಇದೆ, ಕೆಲವು ವರ್ಷಗಳಿಂದ ಅಲ್ಲಿಗೆ ಜಾನುವಾರು ಬಿಟ್ಟಿಲ್ಲ. ಉಳಿದ ಕಡೆ ಕುರಿ, ಮೇಕೆ, ಸ್ವಲ್ಪ ದನ ವರ್ಷವಿಡೀ ಮೇಯುತ್ತವೆ. ಎರಡೂ ಕಡೆ ನೆಲದಲ್ಲಿ ಪ್ಲಾಸ್ಟಿಕ್ ಲೋಟ ಹೂತಿಟ್ಟು, ಬಿದ್ದ ಹುಳುಗಳನ್ನು ಎಣಿಸಿದೆವು. ಮೇಯಿಸಿದ ಕಡೆಯೇ ಜಾಸ್ತಿ ಸಿಕ್ಕವು, ಅದರಲ್ಲೂ ಇರುವೆ. ಹಾಗಾದರೆ ಮೇಯಿಸುವುದರಿಂದ ಕೀಟಗಳಿಗೆ ಒಳ್ಳೆಯದೇ ಆಗುತ್ತದೆಯೇ? ಬೇಲಿ ತೆಗೆದುಬಿಡಬಹುದೇ?

ಉತ್ತರ: ಬೇಲಿ ಈಗಲೇ ತೆಗೆಯಬೇಡಿ. ನೀವು ಎಣಿಸಿದ್ದು ಸರಿಯಾಗಿಯೇ ಇರಬಹುದು. ಆದರೆ ಆ ಲೆಕ್ಕ ಇಟ್ಟುಕೊಂಡು ಈ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ಯಾಕೆ ಅಂತ ಮೊದಲು ಹೇಳುತ್ತೇನೆ. ಆಮೇಲೆ ಜಾನುವಾರು ನಿಜಕ್ಕೂ ಕೀಟಗಳಿಗೆ ಏನು ಮಾಡುತ್ತವೆ ಅನ್ನುವುದಕ್ಕೆ ಬರೋಣ.

ಹೂತಿಟ್ಟ ಲೋಟಕ್ಕೆ ಬೀಳುವುದು ನೆಲದ ಮೇಲೆ ನಡೆದಾಡುವ ಜೀವಿಗಳು ಮಾತ್ರ. ಇರುವೆ, ನೆಲದ ದುಂಬಿ, ಜೇಡ, ಆಗೊಂದು ಈಗೊಂದು ಮಿಡತೆ ಮರಿ. ಅವು ಎಷ್ಟಿವೆ ಅನ್ನುವುದಕ್ಕಿಂತ ಎಷ್ಟು ಓಡಾಡುತ್ತವೆ ಅನ್ನುವುದನ್ನೇ ಲೋಟ ತೋರಿಸುತ್ತದೆ. ಬೇಲಿಯ ಒಳಗೆ ಹುಲ್ಲು, ತರಗು, ಒಣಕಡ್ಡಿ ಬಿದ್ದಿರುತ್ತದೆ. ಅಲ್ಲಿ ಒಂದು ದುಂಬಿ ಒಂದು ಮಾರು ದೂರ ಹೋಗಬೇಕಾದರೆ ಹತ್ತಾರು ಕಡ್ಡಿ ಹತ್ತಿ ಇಳಿಯಬೇಕು. ಮೇಯಿಸಿದ ಬರಿನೆಲದಲ್ಲಿ ಅದೇ ದುಂಬಿ ಸರಸರನೆ ಓಡುತ್ತದೆ, ಲೋಟಕ್ಕೆ ಬೇಗ ಬೀಳುತ್ತದೆ. ತಿನ್ನಲು ಕಡಿಮೆ ಇರುವ ಕಡೆ ಹುಡುಕಾಟವೂ ಜಾಸ್ತಿ, ಹಾಗಾಗಿ ಇನ್ನಷ್ಟು ಬೀಳುತ್ತವೆ. ಸುತ್ತಲಿನ ಗಿಡಗಂಟಿ ಲೋಟದ ಲೆಕ್ಕವನ್ನು ಹೀಗೆ ಏರುಪೇರು ಮಾಡುತ್ತದೆ ಎಂದು ಗ್ರೀನ್‌ಸ್ಲೇಡ್ ಎಂಬ ಕೀಟತಜ್ಞರು 1964ರಲ್ಲೇ ತೋರಿಸಿದ್ದರು. ಇವತ್ತಿಗೂ ಇದನ್ನು ಮರೆತು ಲೆಕ್ಕ ಹಾಕುವವರು ಬಹಳ.

ಇರುವೆಯದು ಇನ್ನೊಂದು ಕಥೆ. ಗೂಡಿನ ಪಕ್ಕದಲ್ಲೇ ಒಂದು ಲೋಟ ಕೂತುಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ನೂರಾರು ಇರುವೆ ತುಂಬಿಕೊಳ್ಳುತ್ತವೆ. ಒಟ್ಟು ಲೆಕ್ಕ ಪೂರ್ತಿ ಅದೇ ಲೋಟದ್ದಾಗುತ್ತದೆ. ಅದಕ್ಕೇ ಇರುವೆಗಳನ್ನು ತಲೆ ಲೆಕ್ಕದಲ್ಲಿ ಹೋಲಿಸಬಾರದು. ಪ್ರತಿ ಬಗೆಯ ಇರುವೆ ಎಷ್ಟು ಲೋಟಗಳಲ್ಲಿ ಸಿಕ್ಕಿತು ಅಂತ ಬರೆದುಕೊಳ್ಳಬೇಕು. ನಿಮ್ಮ ಹಳೆಯ ಲೋಟಗಳ ಹುಳುಗಳು ಇನ್ನೂ ಸ್ಪಿರಿಟ್‌ನಲ್ಲಿ ಇದ್ದರೆ ಈ ರೀತಿ ಮತ್ತೊಮ್ಮೆ ಎಣಿಸಿ ನೋಡಿ. ಚಿತ್ರ ಬದಲಾಗಬಹುದು.

ಬದಲಾಗದೆಯೂ ಇರಬಹುದು. ಬಿಸಿಲು ಬೀಳುವ ಬೋಳು ನೆಲವನ್ನೇ ಇಷ್ಟಪಡುವ ಇರುವೆಗಳಿವೆ. ಬೀಜ ಒಟ್ಟುಮಾಡುವ ಇರುವೆಗಳಲ್ಲಿ ಕೆಲವು ತೆರೆದ ಜಾಗದಲ್ಲೇ ಗೂಡು ಮಾಡುತ್ತವೆ. ಮೇಯಿಸಿದ ಮೇಲೆ ಅವು ನಿಜವಾಗಿಯೂ ಹೆಚ್ಚಾಗಿರಬಹುದು. ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಒಣ ಕುರುಚಲಿನಲ್ಲಿ ಒಟ್ಟು ಸಂಖ್ಯೆ ಹಾಗೇ ಇದ್ದುಕೊಂಡು, ಅಥವಾ ಏರಿಕೊಂಡೇ, ಅಲ್ಲಿ ಬಾಳುವ ಬಗೆಗಳು ಒಂದೊಂದಾಗಿ ಜಾಗ ಖಾಲಿ ಮಾಡಬಹುದು. ಬಿಸಿಲು ತಾಳುವ, ಏನು ಸಿಕ್ಕರೂ ತಿನ್ನುವ ಬಗೆಗಳು ಉಳಿಯುತ್ತವೆ. ಒಂದೇ ಗಿಡ ನಂಬಿಕೊಂಡವು, ನೆರಳು ಬೇಕಾದವು, ನೆಲ ಕದಡದೆ ಇರಬೇಕಾದವು ಹೋಗುತ್ತವೆ. ಲೋಟದಲ್ಲಿ ಇವು ಕಾಣುವುದೇ ಇಲ್ಲ, ಹಾಗಾಗಿ ಹೋದದ್ದೂ ಗೊತ್ತಾಗುವುದಿಲ್ಲ.

ಹೀಗೆ ಹೋಗುವವುಗಳಲ್ಲಿ ನನಗೆ ಹೆಚ್ಚು ಚಿಂತೆ ಇರುವುದು ಒಂಟಿ ಜೇನುಗಳದ್ದು. ಜೇನು ಅಂದ ಕೂಡಲೇ ಹುಟ್ಟು ಕಟ್ಟಿ ಗುಂಪಾಗಿ ಇರುವ ಜೇನೇ ನೆನಪಾಗುತ್ತದೆ, ಅಲ್ವಾ? ಆದರೆ ಪ್ರಪಂಚದಲ್ಲಿರುವ 20,000ಕ್ಕೂ ಹೆಚ್ಚು ಬಗೆಯ ಜೇನುಗಳಲ್ಲಿ ಬಹುಪಾಲು ಒಂಟಿಯಾಗಿಯೇ ಬಾಳುತ್ತವೆ. ಅವುಗಳಲ್ಲಿ ಹೆಚ್ಚಿನವು ಗೂಡು ತೋಡುವುದು ಮಣ್ಣಿನಲ್ಲಿ. ಜೇನಿನ ಬಗೆಗಳು ಅತಿ ಹೆಚ್ಚು ಇರುವುದು ಮಳೆಕಾಡಿನಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅವು ಜಾಸ್ತಿ ಇರುವುದು ಒಣ ಪ್ರದೇಶಗಳಲ್ಲಿ, ಇಂಥ ಪೊದೆಗಾಡುಗಳಲ್ಲಿ. ಹಾಗಾಗಿ ನಿಮ್ಮ ಕುರುಚಲು ಪಾಳು ಬಿದ್ದ ಜಾಗ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಒಂದು ಗೂಡನ್ನು ಹತ್ತಿರದಿಂದ ನೋಡಿ. ಎರಡು ಪೊದೆಗಳ ನಡುವಿನ ಬರಿನೆಲದಲ್ಲಿ ಪೆನ್ಸಿಲ್ ಗಾತ್ರದ ಒಂದು ತೂತು ಇರುತ್ತದೆ. ಅದರ ಸುತ್ತ ಸಣ್ಣ ಪುಡಿಮಣ್ಣಿನ ಬಳೆ. ತಾಯಿ ಜೇನು ಹಿಂಗಾಲಿನ ತುಂಬ ಪರಾಗ ಮೆತ್ತಿಕೊಂಡು ಬರುತ್ತದೆ, ತೂತಿನ ಮೇಲೆ ಒಂದೆರಡು ಸುತ್ತು ಹಾಕುತ್ತದೆ, ಸರಕ್ಕನೆ ಒಳಗೆ ಇಳಿಯುತ್ತದೆ. ಒಳಗೆ ಒಂದೊಂದು ಕೋಣೆಯಲ್ಲೂ ಪರಾಗದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ ಇಟ್ಟು ಮುಚ್ಚುತ್ತದೆ. ಮರಿ ಅಲ್ಲೇ ಬೆಳೆದು ವರ್ಷದ ಹೆಚ್ಚಿನ ಭಾಗ ನೆಲದೊಳಗೇ ಕಾಯುತ್ತದೆ. ಮಳೆ ಕೈಕೊಟ್ಟರೆ ಕೆಲವು ಬಗೆಗಳು ಇನ್ನೂ ಒಂದು ವರ್ಷ ಕಾಯುತ್ತವೆ.

ತೂತಿನ ಮೇಲೆ ಆ ಎರಡು ಸುತ್ತು ಯಾಕೆ? ಗುರುತು ನೋಡಿಕೊಳ್ಳಲು. ನಿಕೊ ಟಿನ್‌ಬರ್ಗನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ನೆಲದಲ್ಲಿ ಗೂಡು ಮಾಡುವ ಒಂದು ಬಗೆಯ ಕಣಜದ ತೂತಿನ ಸುತ್ತ ಪೈನ್ ಕಾಯಿಗಳನ್ನು ಬಳೆಯಂತೆ ಜೋಡಿಸಿಟ್ಟರು. ಕಣಜ ಹೊರಗೆ ಹೋದಾಗ ಆ ಬಳೆಯನ್ನು ಪಕ್ಕಕ್ಕೆ ಸರಿಸಿದರು. ವಾಪಸ್ ಬಂದ ಕಣಜ ತನ್ನ ಗೂಡು ಬಿಟ್ಟು ಬಳೆಯ ನಡುವೆ ಹುಡುಕಿತು. ಈಗ ಯೋಚಿಸಿ, ಒಂದು ಹಿಂಡು ಆ ನೆಲದ ಮೇಲೆ ಹಾದು ಹೋದರೆ ಎಷ್ಟು ಕಲ್ಲು, ಎಷ್ಟು ಕಡ್ಡಿ ಜಾಗ ಬದಲಿಸುತ್ತವೆ? ಗೊರಸು ಗೂಡನ್ನೇ ತುಳಿಯಬೇಕಾಗಿಯೂ ಇಲ್ಲ. ಗುರುತು ಅಳಿಸಿದರೂ, ಬಾಯಿ ಮುಚ್ಚಿಹೋದರೂ ತಾಯಿಗೆ ಆ ದಿನದ ದುಡಿಮೆ ಹಾಳು. ಒಂಟಿ ಜೇನು ತನ್ನ ಇಡೀ ಬಾಳಿನಲ್ಲಿ ಹಾಕುವ ಮೊಟ್ಟೆಗಳೇ ಕೆಲವು. ಹಾಳಾದ ಒಂದೊಂದು ದಿನಕ್ಕೂ ಬೆಲೆ ಇದೆ.

ಮಣ್ಣು ಒಣಗಿ ಗಟ್ಟಿಯಾಗಿದ್ದಾಗ ಆಳದಲ್ಲಿರುವ ಗೂಡಿಗೆ ಹೆಚ್ಚು ತೊಂದರೆ ಇಲ್ಲ. ಮಳೆ ಬಿದ್ದು ನೆಲ ಮೆತ್ತಗಾದಾಗ ಗೊರಸು ಆಳಕ್ಕೆ ಇಳಿಯುತ್ತದೆ, ಮಣ್ಣು ಅದುಮಿಕೊಂಡು ಗಟ್ಟಿಯಾಗುತ್ತದೆ. ತೊಡಕು ಏನೆಂದರೆ ಜೇನುಗಳು ಮೇಲೆ ಬರುವುದು, ಹೂ ಬಿಡುವುದು, ಹೊಸ ಚಿಗುರಿಗೆ ಹಿಂಡು ಬರುವುದು, ಮೂರೂ ಮಳೆಯ ಹಿಂದೆಯೇ. ಇನ್ನೊಂದು ಕಡೆ, ನೆಲದ ಮೇಲೆ ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಕಟ್ಟುವ ಒಂದು ತೆಳುವಾದ ಹೊರಪದರ ಇರುತ್ತದೆ. ಮಣ್ಣನ್ನು ಹಿಡಿದಿಡುವುದು ಅದೇ. ಅದು ಪುಡಿಯಾಗುವುದು ಒಣಗಿದ್ದಾಗ. ಹಾಗಾಗಿ ತುಳಿತಕ್ಕೆ ಪೂರ್ತಿ ಸುರಕ್ಷಿತವಾದ ಕಾಲ ಅಂತ ಒಂದಿಲ್ಲ. ಆದ್ದರಿಂದಲೇ ಕಾಲದ ಜೊತೆಗೆ ಜಾಗವನ್ನೂ ಬದಲಿಸಬೇಕು ಅನ್ನುತ್ತೇನೆ. ಅದಕ್ಕೆ ಮುಂದೆ ಬರುತ್ತೇನೆ.

ಇನ್ನು ಪೊದೆಗಳ ಕಡೆ ನೋಡೋಣ. ದೂರದಿಂದ ನೋಡಿದರೆ ಮೇಯಿಸಿದ ಕಡೆಯೂ ಪೊದೆಗಳು ಹಸಿರಾಗಿಯೇ ಕಾಣುತ್ತವೆ. ಹತ್ತಿರ ಹೋಗಿ ಎರಡು ವಿಷಯ ಗಮನಿಸಿ. ಮೊದಲನೆಯದು, ಯಾವ ಪೊದೆ ಉಳಿದಿವೆ? ಜಾನುವಾರು ರುಚಿಯಾದದ್ದನ್ನು ಮೊದಲು ತಿನ್ನುತ್ತವೆ. ಮುಳ್ಳಿನವು, ಕಹಿಯಾದವು, ವಿಷದವು ಉಳಿದು ಹಬ್ಬುತ್ತವೆ. ದಕ್ಷಿಣ ಆಫ್ರಿಕಾದ ನಮಾಕ್ವಲ್ಯಾಂಡ್‌ನಲ್ಲಿ ಅತಿಯಾಗಿ ಮೇಯಿಸಿದ ಕಡೆ ಗಲೀನಿಯಾ ಆಫ್ರಿಕಾನಾ ಎಂಬ ಒಂದೇ ಪೊದೆ ನೆಲ ತುಂಬಿಕೊಂಡಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲೆ ತಿನ್ನುವ ಹುಳುಗಳಲ್ಲಿ ಬಹಳಷ್ಟು ಒಂದೋ ಎರಡೋ ಜಾತಿಯ ಗಿಡಕ್ಕೇ ಅಂಟಿಕೊಂಡಿರುತ್ತವೆ. ಗಿಡ ಹೋದರೆ ಹುಳುವೂ ಹೋಯಿತು. ಅಲ್ಲೇ ಕಾರೂ ಸೀಮೆಯಲ್ಲಿ ಫ್ರೆಡ್ ಗೆಸ್ ಮತ್ತು ಸಾರಾ ಗೆಸ್ ದಂಪತಿ ದಶಕಗಳ ಕಾಲ ಕಣಜ ಮತ್ತು ಒಂಟಿ ಜೇನುಗಳನ್ನು ಅಭ್ಯಾಸ ಮಾಡಿದರು. ಅಲ್ಲಿ ಪರಾಗ ತಿಂದು ಬೆಳೆಯುವ ವಿಶೇಷ ಕಣಜಗಳಿವೆ. ಅವುಗಳಲ್ಲಿ ಹಲವು ಕೆಲವೇ ಗಿಡಗಳ ಹೂಗಳನ್ನು ನಂಬಿವೆ, ಗಟ್ಟಿ ಮಣ್ಣನ್ನು ಮೆತ್ತಗೆ ಮಾಡಿ ತೋಡಲು ನೀರನ್ನೂ ಹೊತ್ತು ತರುತ್ತವೆ. ಹೂ, ಮಣ್ಣು, ನೀರು ಈ ಮೂರರಲ್ಲಿ ಒಂದು ತಪ್ಪಿದರೂ ಅವುಗಳ ಬಾಳು ನಿಂತಂತೆ.

ಎರಡನೆಯದು, ಉಳಿದ ಪೊದೆ ಹೂ ಬಿಡುತ್ತಿದೆಯಾ? ಮೇಕೆ ಮೊಗ್ಗಿರುವ ತುದಿಯನ್ನೇ ಕಿತ್ತು ತಿನ್ನುತ್ತದೆ. ಪೊದೆ ಸಾಯುವುದಿಲ್ಲ, ಗಿಡಗಳ ಲೆಕ್ಕದಲ್ಲಿ ಇದೆ ಅಂತಲೇ ಬರುತ್ತದೆ. ಆದರೆ ಹೂವಿಲ್ಲದ ಪೊದೆಯಿಂದ ಜೇನಿಗೆ, ಚಿಟ್ಟೆಗೆ, ಬೀಜದೊಳಗೆ ಬೆಳೆಯುವ ಹುಳುವಿಗೆ ಏನು ಸಿಗುತ್ತದೆ? ಏನೂ ಇಲ್ಲ. ಗಿಡಗಳ ಲೆಕ್ಕ ಚೆನ್ನಾಗಿದೆ, ಹಾಗಾಗಿ ಕೀಟಗಳೂ ಚೆನ್ನಾಗಿವೆ ಅನ್ನುವ ವಾದವನ್ನು ನಾನು ನಂಬುವುದಿಲ್ಲ. ಮೇಯಿಸುವಿಕೆಯ ಹೊಡೆತ ಗಿಡಗಳ ವೈವಿಧ್ಯಕ್ಕಿಂತ ಕೀಟಗಳ ವೈವಿಧ್ಯಕ್ಕೇ ಹೆಚ್ಚು ಬೀಳುತ್ತದೆ ಎಂದು ವಾನ್ ಕ್ಲಿಂಕ್ ಮತ್ತು ಸಂಗಡಿಗರು ಹುಲ್ಲುಗಾವಲುಗಳ ಬಗ್ಗೆ 2015ರಲ್ಲಿ ಬರೆದ ದೊಡ್ಡ ವಿಮರ್ಶೆಯಲ್ಲಿ ತೋರಿಸಿದ್ದಾರೆ. ಪೊದೆಗಾಡಿಗೂ ಕಾರಣಗಳು ಅವೇ.

ಕಚ್ಚಿದ ತುದಿಯಿಂದ ಮತ್ತೆ ಹೊಮ್ಮುವ ಎಳೆ ಚಿಗುರು ಮೆತ್ತಗೆ, ರಸಭರಿತವಾಗಿರುತ್ತದೆ. ರಸ ಹೀರುವ ಹುಳುಗಳಿಗೆ, ಚಿಗುರಿನ ಮೇಲೆ ಗಂಟು ಮೂಡಿಸಿ ಅದರೊಳಗೆ ಬೆಳೆಯುವ ಹುಳುಗಳಿಗೆ ಅದು ಬಲು ಇಷ್ಟ. ಹಾಗಾಗಿ ಅಂಥವು ಮೇಯಿಸಿದ ಕಡೆ ಹೆಚ್ಚಾಗುವುದೂ ಉಂಟು.

ಗಿಡದ ಜೊತೆಗೆ ಹುಳುಗಳೂ ಬಾಯಿಗೆ ಹೋಗುತ್ತವಲ್ಲ, ಅದರ ಬಗ್ಗೆ ಒಂದು ಸೊಗಸಾದ ಸಂಗತಿ ಹೇಳಲೇಬೇಕು. ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದ ಮೋಶೆ ಇನ್ಬಾರ್ ಮತ್ತು ಸಂಗಡಿಗರು 2010ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸಸ್ಯಹೇನು ತುಂಬಿದ ಗಿಡವನ್ನು ಮೇಕೆಗೆ ತಿನ್ನಲು ಕೊಟ್ಟರು. ಮೇಕೆ ಬಾಯಿ ಹಾಕುವ ಮೊದಲೇ ಸುಮಾರು 65% ಹೇನುಗಳು ನೆಲಕ್ಕೆ ಉದುರಿಬಿಟ್ಟವು. ಗಿಡದ ಅಲುಗಾಟ, ಮೇಲೆ ಬಿದ್ದ ನೆರಳು ಇವೆಲ್ಲ ಅಷ್ಟು ಮುಖ್ಯವಾಗಿರಲಿಲ್ಲ. ಮೇಕೆಯ ಉಸಿರು ಬೆಚ್ಚಗೂ ಒದ್ದೆಯಾಗಿಯೂ ಇರುತ್ತದೆ, ಅದು ತಾಗಿದ ಕೂಡಲೇ ಅವು ಕಾಲು ಬಿಟ್ಟು ಬಿದ್ದವು. ಓಡಬಲ್ಲ ಹುಳು ಹೀಗೆ ಬಚಾವಾಗುತ್ತದೆ. ಮೊಟ್ಟೆಗೆ, ಕೋಶಕ್ಕೆ, ಕಾಂಡದೊಳಗಿನ ಮರಿಗೆ ಆ ದಾರಿ ಇಲ್ಲ. ಕೀಟದ ಬಾಳಿನ ಯಾವ ಹಂತದಲ್ಲಿ ಹಿಂಡು ಬಂತು ಅನ್ನುವುದು ಎಷ್ಟು ಹಿಂಡು ಬಂತು ಅನ್ನುವಷ್ಟೇ ದೊಡ್ಡ ವಿಷಯ.

ಸಗಣಿಯ ವಿಷಯದಲ್ಲಿ ಲೆಕ್ಕ ಜಾನುವಾರುಗಳ ಪರವಾಗಿದೆ. ದನದ ಒಂದು ಸಗಣಿಗುಪ್ಪೆ ಹತ್ತಾರು ಬಗೆಯ ಹುಳುಗಳಿಗೆ ಊಟ, ಮನೆ ಎರಡೂ. ಕೆಲವು ಅದರೊಳಗೇ ಬಾಳುತ್ತವೆ, ಕೆಲವು ಅದರ ಕೆಳಗೆ ಸುರಂಗ ತೋಡಿ ಒಳಗೆ ಎಳೆದುಕೊಳ್ಳುತ್ತವೆ, ಕೆಲವು ಉಂಡೆ ಮಾಡಿ ಉರುಳಿಸಿಕೊಂಡು ಹೋಗುತ್ತವೆ. ಈ ಕೆಲಸದಿಂದ ಮಣ್ಣು ಸಡಿಲವಾಗುತ್ತದೆ, ಗೊಬ್ಬರ ಬೇರಿಗೆ ತಲುಪುತ್ತದೆ, ನೊಣ ಕಡಿಮೆಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ದನದ ಸಗಣಿ ಕರಗಿಸಬಲ್ಲ ಹುಳುಗಳು ಸಾಕಷ್ಟು ಇರಲಿಲ್ಲ. ಜಾರ್ಜ್ ಬೋರ್ನೆಮಿಸ್ಸಾ ಅವರ ಸಲಹೆಯಂತೆ 1960ರ ದಶಕದ ಕೊನೆಯಿಂದ ಅಲ್ಲಿನ ಸರಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಹೊರದೇಶಗಳಿಂದ ಸಗಣಿಹುಳುಗಳನ್ನು ತರಿಸಿ ಬಿಡಬೇಕಾಯಿತು. ಒಣ ಪ್ರದೇಶದಲ್ಲಿ ಕುರಿ ಮೇಕೆಯ ಹಿಕ್ಕೆ ಬಲುಬೇಗ ಒಣಗಿಬಿಡುತ್ತದೆ. ಬೇಸಿಗೆಯಲ್ಲಿ ಅದನ್ನು ಮಣ್ಣಿಗೆ ಸೇರಿಸುವ ಕೆಲಸ ಹೆಚ್ಚಾಗಿ ಗೆದ್ದಲಿನದ್ದು. ಗೆದ್ದಲು ಕಂಡರೆ ಔಷಧಿ ಹಾಕುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ನಿಲ್ಲಿಸಿ.

ಜಂತುಹುಳು ಔಷಧಿಯ ಮಾತೂ ಇಲ್ಲೇ ಬರುತ್ತದೆ. ಐವರ್‌ಮೆಕ್ಟಿನ್ 1981ರಿಂದ ಜಾನುವಾರು ಔಷಧಿಯಾಗಿ ಬಳಕೆಯಲ್ಲಿದೆ. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂತು, ಅರ್ಹವಾಗಿಯೇ ಬಂತು. ಆದರೆ ಕೊಟ್ಟ ಔಷಧಿಯ ಹೆಚ್ಚಿನ ಭಾಗ ಸಗಣಿಯಲ್ಲೇ ಹೊರಗೆ ಬರುತ್ತದೆ, ಮೊದಲ ಕೆಲವು ದಿನ ಅತಿ ಹೆಚ್ಚು. ಆ ಸಗಣಿಯಲ್ಲಿ ಸಗಣಿಹುಳುವಿನ ಮರಿಗಳು ಸಾಯುತ್ತವೆ, ಬದುಕಿದ ದೊಡ್ಡ ಹುಳುಗಳೂ ಮಂಕಾಗುತ್ತವೆ. ಇಡೀ ಹಿಂಡಿಗೆ ತಿಥಿ ನೋಡಿಕೊಂಡು ಔಷಧಿ ಕೊಡುವ ಬದಲು ಹಿಕ್ಕೆ ಪರೀಕ್ಷೆ ಮಾಡಿಸಿ, ಬೇಕಾದ ಪ್ರಾಣಿಗೆ ಮಾತ್ರ ಕೊಡಿ. ಕೊಟ್ಟ ಪ್ರಾಣಿಗಳನ್ನು ಮೊದಲ ದಿನಗಳಲ್ಲಿ ಕುರುಚಲಿಗೆ ಬಿಡದೆ ದೊಡ್ಡಿಯಲ್ಲೇ ಇಟ್ಟುಕೊಳ್ಳಿ. ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್‌ನಂಥ ಔಷಧಿಗಳಿಂದ ಸಗಣಿಹುಳುಗಳಿಗೆ ತೊಂದರೆ ಬಹಳ ಕಡಿಮೆ. ಯಾವುದು ಸರಿಹೊಂದುತ್ತದೆ ಅಂತ ಪಶುವೈದ್ಯರನ್ನು ಕೇಳಿ.

ಹಾಗಾದರೆ ಮೇಯಿಸುವುದು ಕೀಟಗಳಿಗೆ ಒಳ್ಳೆಯದು ಅಂತ ಓದಿದ್ದೇವಲ್ಲ ಅಂತ ನೀವು ಕೇಳಬಹುದು. ಹೌದು, ಅದೂ ನಿಜ. ಎಲ್ಲಿ ಅನ್ನುವುದನ್ನು ನೋಡಬೇಕು. ಬ್ರಿಟನ್‌ನಲ್ಲಿ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆ 1979ರಲ್ಲಿ ಪೂರ್ತಿ ಅಳಿದುಹೋಯಿತು. ಅದರ ಮರಿ ಒಂದು ಬಗೆಯ ಕೆಂಪು ಇರುವೆಯ ಗೂಡಿನಲ್ಲಿ ಬೆಳೆಯುತ್ತದೆ. ಮೊಲಗಳು ಕಾಯಿಲೆಯಿಂದ ಸತ್ತು, ಮೇಯಿಸುವುದೂ ಕಡಿಮೆಯಾಗಿ ಹುಲ್ಲು ಎತ್ತರಕ್ಕೆ ಬೆಳೆಯಿತು. ನೆಲ ತಣ್ಣಗಾಯಿತು. ಬಿಸಿ ನೆಲ ಬೇಕಾದ ಆ ಇರುವೆ ಹೋಯಿತು, ಹಿಂದೆಯೇ ಚಿಟ್ಟೆಯೂ ಹೋಯಿತು. ಜೆರೆಮಿ ಥಾಮಸ್ ಇದನ್ನು ಬಿಡಿಸಿ ತೋರಿಸಿದ ಮೇಲೆ ಮತ್ತೆ ಮೇಯಿಸಿ, ಹೊರಗಿನಿಂದ ಚಿಟ್ಟೆ ತಂದು ಬಿಟ್ಟು ಉಳಿಸಿಕೊಂಡರು. ಅಲ್ಲಿ ಕೊರತೆ ಇದ್ದದ್ದು ಬಿಸಿಲಿಗೆ. ಒಣ ಕುರುಚಲಿನಲ್ಲಿ ಕೊರತೆ ಇರುವುದು ನೆರಳಿಗೆ. ಬೇಸಿಗೆಯ ಮಧ್ಯಾಹ್ನ ಬೋಳು ನೆಲದ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಪೊದೆಯ ಬುಡದಲ್ಲಿ ತಂಪು ಇರುತ್ತದೆ, ತರಗು ಇರುತ್ತದೆ, ಮಣ್ಣೂ ಫಲವತ್ತಾಗಿರುತ್ತದೆ. ಚಳಿ ದೇಶದ ಹುಲ್ಲುಗಾವಲಿಗೆ ಬರೆದ ಸಲಹೆಯನ್ನು ಇಲ್ಲಿಗೆ ಎತ್ತಿಕೊಂಡು ಬರುವುದು ಅದಕ್ಕೇ ತಪ್ಪು.

ಒಣ ಪ್ರದೇಶಗಳೂ ಎಲ್ಲ ಒಂದೇ ತರಹ ಇಲ್ಲ. ಗ್ರೀಸಿನ ಲೆಸ್ವೊಸ್ ದ್ವೀಪದ ಕುರುಚಲಿನಲ್ಲಿ ಹೂಗಳಿಗೆ ಬರುವ ಕೀಟಗಳನ್ನು ನೋಡಿದಾಗ ಪೂರ್ತಿ ಬಿಟ್ಟ ಜಾಗಕ್ಕಿಂತಲೂ, ಅತಿಯಾಗಿ ಮೇಯಿಸಿದ ಜಾಗಕ್ಕಿಂತಲೂ, ಹದವಾಗಿ ಮೇಯಿಸಿದ ಜಾಗವೇ ಮೇಲು ಎಂದು 2016ರ ಅಧ್ಯಯನವೊಂದು ಹೇಳಿತು. ಅಲ್ಲಿ ಕುರಿ ಮೇಕೆ ಸಾವಿರಾರು ವರ್ಷಗಳಿಂದ ಮೇಯುತ್ತಿವೆ. ಅದನ್ನು ತಾಳಲಾಗದ ಗಿಡ, ತಾಳಲಾಗದ ಕೀಟ ಯಾವತ್ತೋ ಹೋಗಿವೆ. ಅಮೆರಿಕದ ಗ್ರೇಟ್ ಬೇಸಿನ್‌ನ ಸೇಜ್‌ಬ್ರಶ್ ಪೊದೆನಾಡಿನಲ್ಲಿ ಹಾಗಲ್ಲ. ಅಲ್ಲಿ ದೊಡ್ಡ ಗೊರಸಿನ ಪ್ರಾಣಿಗಳು ಮೊದಲಿನಿಂದಲೂ ಬಹಳ ಕಡಿಮೆ ಎಂದು ಮ್ಯಾಕ್ ಮತ್ತು ಥಾಂಪ್ಸನ್ 1982ರಲ್ಲೇ ಬರೆದಿದ್ದರು. ತುಳಿತ ಕಂಡಿಲ್ಲದ ಆ ನೆಲದಲ್ಲಿ ದನ ಬಂದ ಮೇಲೆ ಹೊರಗಿನ ಚೀಟ್‌ಗ್ರಾಸ್ ಹುಲ್ಲು ನುಗ್ಗಿತು. ಅದು ಬೇಗ ಒಣಗಿ ಬೆಂಕಿ ಹಿಡಿಯುತ್ತದೆ, ಬೆಂಕಿಯಿಂದ ಪೊದೆಗಳು ಸತ್ತವು, ಪೊದೆ ನಂಬಿದ ಕೀಟಗಳೂ ಅವುಗಳ ಜೊತೆ. ಹಾಗಾಗಿ ನಿಮ್ಮ ಜಾಗದಲ್ಲಿ ಎಷ್ಟು ಕಾಲದಿಂದ ಮೇಯಿಸುತ್ತಿದ್ದಾರೆ ಅಂತ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದು ಬಹಳ ಬೆಲೆಯ ಮಾಹಿತಿ.

ಅತಿಯಾಗಿ ಮೇಯಿಸಿದರೆ ಮಿಡತೆಗೂ ಮೇವಿಲ್ಲದೆ ಕಡಿಮೆಯಾಗುತ್ತವೆ ಅಂತ ಅನಿಸುತ್ತದೆ. ಚೀನಾದ ಒಳ ಮಂಗೋಲಿಯಾದಲ್ಲಿ ಕಂಡದ್ದು ಉಲ್ಟಾ. ಅಲ್ಲಿನ ಒಂದು ಬಗೆಯ ಮಿಡತೆಗೆ ಸಾರಜನಕ ಕಡಿಮೆ ಇರುವ ಹುಲ್ಲೇ ಒಗ್ಗುತ್ತದೆ. ಅತಿಯಾಗಿ ಮೇಯಿಸಿದ ಕಡೆ ಹುಲ್ಲಿನ ಸಾರಜನಕ ಇಳಿದು ಅದಕ್ಕೆ ಅನುಕೂಲವಾಗುತ್ತದೆ ಎಂದು ಅರಿಯಾನ್ ಸೀಸ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಸಂಖ್ಯೆ ಮಾತ್ರ ನೋಡಿದರೆ ಇದೂ "ಕೀಟ ಜಾಸ್ತಿಯಾಗಿವೆ" ಅಂತಲೇ ಬರುತ್ತದೆ, ಅಲ್ವಾ?

ಈಗ ನೀವು ಏನು ಮಾಡಬಹುದು? ಜಾನುವಾರು ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ವರ್ಷವಿಡೀ, ಎಲ್ಲ ಕಡೆ, ಒಂದೇ ಸಮನೆ ಮೇಯಿಸುವುದನ್ನು ನಿಲ್ಲಿಸಿ ಅನ್ನುತ್ತೇನೆ. ಬೇಲಿಯ ಹೊರಗಿನ ಜಾಗವನ್ನು ಮನಸ್ಸಿನಲ್ಲೇ ಮೂರು ನಾಲ್ಕು ತುಂಡು ಮಾಡಿ. ಮಳೆ ಬಿದ್ದು ಮೊಗ್ಗು ಕಂಡಾಗಿನಿಂದ ಬೀಜ ಉದುರುವವರೆಗೆ ಒಂದು ತುಂಡಿಗೆ ಹಿಂಡು ಹೋಗಬಾರದು. ಮುಂದಿನ ಮಳೆಗಾಲಕ್ಕೆ ಬೇರೆ ತುಂಡು. ಇದೊಂದನ್ನೇ ಮಾಡಿದರೂ ಬಹಳ ದೊಡ್ಡದು. ಕುರಿಗಾಹಿಗಳ ಜೊತೆ ಕೂತು ಮಾತಾಡಿ ನಿಶ್ಚಯಿಸಿ. ಯಾವ ಪೊದೆ ಯಾವಾಗ ಹೂ ಬಿಡುತ್ತದೆ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನೀರಿನ ತೊಟ್ಟಿ ಇದ್ದರೆ ಅದು ಜೇನುಗೂಡುಗಳಿರುವ ನೆಲದಿಂದ ದೂರ ಇರಲಿ. ತುಳಿತ ಅತಿ ಜಾಸ್ತಿ ಆಗುವುದು ತೊಟ್ಟಿಯ ಸುತ್ತಲೇ.

ಬೇಲಿ ಇರಲಿ. ಕೆಲವು ವರ್ಷ ಅನ್ನುವುದು ಒಣ ಪ್ರದೇಶಕ್ಕೆ ಬಹಳ ಕಡಿಮೆ ಕಾಲ. ಪೊದೆಗಳು ನಿಧಾನ ಬೆಳೆಯುತ್ತವೆ, ನೆಲದ ಹೊರಪದರ ಕಟ್ಟಿಕೊಳ್ಳಲು ಇನ್ನೂ ನಿಧಾನ. ಒಳಗೆ ಇನ್ನೂ ಹುಳು ಜಾಸ್ತಿಯಾಗಿಲ್ಲ ಅಂದರೆ ಬೇಲಿ ಸೋತಿತು ಅಂತ ಅರ್ಥವಲ್ಲ. ಜೊತೆಗೆ ಇಂಥ ನೆಲದಲ್ಲಿ ಒಂದು ಒಳ್ಳೆಯ ಮಳೆ ಮಾಡುವ ವ್ಯತ್ಯಾಸ ಬೇಲಿ ಮಾಡುವುದಕ್ಕಿಂತ ದೊಡ್ಡದಿರಬಹುದು. ಒಂದು ವರ್ಷದ ಎಣಿಕೆ ನೋಡಿ ಏನನ್ನೂ ನಿಶ್ಚಯಿಸಬೇಡಿ.

ಮತ್ತೆ ಎಣಿಸುವಾಗ ಲೋಟದ ಜೊತೆ ಇನ್ನೆರಡು ಕೆಲಸ ಸೇರಿಸಿ. ಪೊದೆಯ ಕೆಳಗೆ ಬಿಳಿ ಬಟ್ಟೆ ಹಿಡಿದು ಕೊಂಬೆಗೆ ಕೋಲಿನಿಂದ ನಾಲ್ಕೈದು ಸಲ ತಟ್ಟಿ, ಉದುರಿದ್ದನ್ನು ಬಗೆ ಬಗೆಯಾಗಿ ಬರೆದುಕೊಳ್ಳಿ. ಹೂ ಬಿಟ್ಟ ದಿನಗಳಲ್ಲಿ ಒಂದು ಪೊದೆಯ ಮುಂದೆ ಹತ್ತು ನಿಮಿಷ ಕೂತು ಯಾರು ಯಾರು ಬಂದರು ನೋಡಿ. ಹಳದಿ, ನೀಲಿ ಬಟ್ಟಲಿನಲ್ಲಿ ನೀರಿಟ್ಟು ಜೇನು ಹಿಡಿಯುವ ರೂಢಿ ಇದೆ. ಅದನ್ನು ಮಾತ್ರ ನಂಬಬೇಡಿ. ಹೂ ಕಡಿಮೆ ಇರುವ ಕಡೆ ಬಟ್ಟಲೇ ಹೂವಿನಂತೆ ಕಂಡು ಜೇನುಗಳು ಅಲ್ಲೇ ಜಾಸ್ತಿ ಬೀಳುತ್ತವೆ, ಲೋಟದಲ್ಲಿ ಆದ ತಪ್ಪೇ ಮತ್ತೆ ಆಗುತ್ತದೆ. ಎರಡೂ ಕಡೆಯ ಎಣಿಕೆ ಒಂದೇ ವಾರ, ಒಂದೇ ಹೊತ್ತಿನಲ್ಲಿ ಆಗಲಿ. ಎರಡು ಮೂರು ಮಳೆಗಾಲದ ಲೆಕ್ಕ ಕೈಗೆ ಬಂದ ಮೇಲೆ ಬಗೆಗಳ ಪಟ್ಟಿ ಕಳಿಸಿ, ಒಟ್ಟಿಗೆ ಕೂತು ನೋಡೋಣ.